ಮನೆಯಲ್ಲೇ ರೊಟ್ಟಿ ಬಡಿದು ಮಾರಲು ಲೈಸೆನ್ಸ್ ಬೇಕಾ?

ಪ್ರಶ್ನೆ: ಧಾರವಾಡದ ಸಪ್ತಾಪುರದಲ್ಲಿ ನಮ್ಮ ಮನೆ. ಅಕ್ಕಪಕ್ಕದ ಪಿಜಿ ಹುಡುಗರಿಗೆ ಕಡಕ್ ರೊಟ್ಟಿ, ಶೇಂಗಾ ಹಿಂಡಿ (ಚಟ್ನಿಪುಡಿ) ಮಾಡಿ ಮಾರುತ್ತೇನೆ. ದುಡ್ಡೆಲ್ಲಾ ಫೋನ್‌ಪೇಗೇ ಬರುತ್ತದೆ. ಲೈಸೆನ್ಸ್ ಮಾಡಿಸಬೇಕಾ? ಟ್ಯಾಕ್ಸ್ ನೋಟಿಸ್ ಬರುತ್ತಾ?

ಉತ್ತರ: ಲೈಸೆನ್ಸ್ ಬೇಡ, ನೋಂದಣಿ ಬೇಕು. 2006ರ ಆಹಾರ ಸುರಕ್ಷತಾ ಕಾಯ್ದೆಯ ಕಣ್ಣಿಗೆ ಅಡುಗೆಮನೆಯಿಂದ ಮಾರುವವರೂ ವ್ಯಾಪಾರಿಗಳೇ. ಆದರೆ ವರ್ಷದ ವಹಿವಾಟು 12 ಲಕ್ಷದ ಒಳಗಿದ್ದರೆ ಎಫ್‌ಎಸ್‌ಎಸ್‌ಎಐ, ಅಂದರೆ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿ ಸಾಕು. 12 ಲಕ್ಷ ಅಂದರೆ ದಿನಕ್ಕೆ ಸುಮಾರು 3,300 ರೂಪಾಯಿ. ರೊಟ್ಟಿಗೆ 10 ರೂಪಾಯಿ ಹಿಡಿದರೂ ದಿನಾ 330 ರೊಟ್ಟಿ! ಬಿಸಿನೀರಲ್ಲಿ ಹಿಟ್ಟು ನಾದಿ, ಬಡಿದು, ಹಂಚಿಗೆ ಹಾಕಿ ನೀರು ಸವರಿ, ಬೆಂದ ಮೇಲೆ ಒಂದೊಂದನ್ನೂ ಆನಿಸಿಟ್ಟು ಗರಿಗರಿ ಒಣಗಿಸಬೇಕು. ಒಬ್ಬರೇ ಅಷ್ಟು ಮಾಡಿದರೆ ರಟ್ಟೆ ಬಿದ್ದೇ ಹೋಗುತ್ತೆ, ಅಲ್ವಾ?

ಅರ್ಜಿ ಹಾಕಲು ಪ್ರಾಧಿಕಾರದ್ದೇ ಫೋಸ್ಕಾಸ್ ವೆಬ್‌ಸೈಟ್ ಇದೆ. ಫೋಟೊ, ಗುರುತಿನ ಚೀಟಿ, ಮನೆ ವಿಳಾಸ ಕೇಳುತ್ತಾರೆ. 2011ರ ನಿಯಮದಲ್ಲಿ ಇಟ್ಟ ಶುಲ್ಕ ವರ್ಷಕ್ಕೆ 100 ರೂಪಾಯಿ. ನಮ್ಮ ಓಣಿಯಲ್ಲಿ ಇದೇ ಕೆಲಸಕ್ಕೆ ಏಜೆಂಟೊಬ್ಬ 3,000 ಕೇಳಿದ್ದ. ಸುಮ್ನೆ ಕೊಡಬೇಡಿ. ಮೊಬೈಲ್ ಬಲ್ಲ ಪಿಜಿ ಹುಡುಗನೊಬ್ಬನಿಗೆ ಎರಡು ರೊಟ್ಟಿ ಜಾಸ್ತಿ ಕೊಟ್ಟರೆ ಕೂತು ತುಂಬಿಕೊಡುತ್ತಾನೆ. ಸಿಗುವ 14 ಅಂಕಿಯ ಸಂಖ್ಯೆಯನ್ನು ಹಿಂಡಿ ಪ್ಯಾಕೆಟ್ ಮೇಲೆ ಹಾಕಿ.

ಇನ್ನು ನೋಟಿಸ್ ಭಯ. 2025ರ ಜುಲೈನಲ್ಲಿ ಯುಪಿಐ ಲೆಕ್ಕ ನೋಡಿ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಿತ್ತು. ಬೆಂಗಳೂರಿನ ಅಂಗಡಿಗಳಲ್ಲಿ ಕ್ಯೂಆರ್ ಕೋಡ್ ಕಿತ್ತು 'ಕ್ಯಾಶ್ ಮಾತ್ರ' ಅಂತ ಬೋರ್ಡ್ ಹಾಕಿದ್ದು ಆಗಲೇ. ಆದರೆ ಸರಕು ಮಾರುವವರಿಗೆ ಜಿಎಸ್‌ಟಿ ನೋಂದಣಿಯ ಮಿತಿ ವರ್ಷಕ್ಕೆ 40 ಲಕ್ಷ. ನೀವು ಅದರ ಹತ್ತಿರವೂ ಇಲ್ಲ. ಮೇಲಾಗಿ 2025ರ ಸೆಪ್ಟೆಂಬರ್ 22ರಿಂದ ರೊಟ್ಟಿ, ಚಪಾತಿಗೆ ಜಿಎಸ್‌ಟಿಯೇ ಇಲ್ಲ. ಹಾಗಾಗಿ ಫೋನ್‌ಪೇ ಬಿಡಬೇಡಿ. ಸೇರಿಸಿ ಇಡಬೇಡಿ, ಅಷ್ಟೇ. ಅಣ್ಣ ಕಳಿಸಿದ ದುಡ್ಡು, ಚೀಟಿ ದುಡ್ಡು, ರೊಟ್ಟಿ ದುಡ್ಡು ಒಂದೇ ಖಾತೆಗೆ ಬಿದ್ದರೆ ನಾಳೆ ಯಾವುದು ಯಾವುದು ಅಂತ ಹೇಳಲು ನಿಮಗೇ ಆಗಲ್ಲ. ವ್ಯಾಪಾರಕ್ಕೆ ಬೇರೆ ಖಾತೆ ತೆರೆಯಿರಿ. ಗೋದಿಗೆ, ಜೋಳಕ್ಕೆ, ಗ್ಯಾಸಿಗೆ ಎಷ್ಟು ಹೋಯಿತೆಂದು ಒಂದು ನೋಟ್‌ಬುಕ್‌ನಲ್ಲಿ ಬರೆಯಿರಿ. ಆದಾಯ ತೆರಿಗೆಯದು ಬೇರೆ ಲೆಕ್ಕ, ಅದು ಉಳಿದ ಲಾಭದ ಮೇಲೆ.

ಒಂದು ಕಡೆ ಮಾತ್ರ ಜೋಕೆ. ಪುಣೆಯಿಂದ ಯಾರೋ ಹಿಂಡಿಗೆ ಆರ್ಡರ್ ಕೊಟ್ಟರು ಅಂತಿಟ್ಟುಕೊಳ್ಳಿ. ಚಟ್ನಿಪುಡಿಗೆ ಜಿಎಸ್‌ಟಿ ಇದೆ. ತೆರಿಗೆ ಇರುವ ಸರಕನ್ನು ಬೇರೆ ರಾಜ್ಯಕ್ಕೆ ಮಾರಿದರೆ 40 ಲಕ್ಷದ ವಿನಾಯಿತಿ ಸಿಗಲ್ಲ, ಒಂದೇ ಡಬ್ಬಿ ಆದರೂ ಜಿಎಸ್‌ಟಿ ನೋಂದಣಿ ಬೇಕು. ರೊಟ್ಟಿಗೆ ಆ ತಂಟೆ ಇಲ್ಲ. ಅವನ್ನು ಪುಣೆಗೆ ಧಾರಾಳವಾಗಿ ಕಳಿಸಿ, ದಾರಿಯಲ್ಲಿ ಮುರಿಯದಂತೆ ಕಟ್ಟಿದರಾಯಿತು.