ಏರ್‌ಫ್ಲೋ ಸೆನ್ಸರ್ ಕಿತ್ತು ಮ್ಯಾಪ್ ಸೆನ್ಸರ್ ಹಾಕಬಹುದಾ?

ಗದಗದ ಓದುಗರೊಬ್ಬರ ಪ್ರಶ್ನೆ: "ನನ್ನ ಹಳೆಯ 1.6 ಲೀಟರ್ ಪೆಟ್ರೋಲ್ ಕಾರಿನ ಏರ್‌ಫ್ಲೋ ಸೆನ್ಸರ್ ಹೋಗಿದೆ ಅಂತ ಮಿಸ್ತ್ರಿ ಹೇಳಿದರು. ಹುಬ್ಬಳ್ಳಿಯಲ್ಲೆಲ್ಲಾ ಹುಡುಕಿದೆ, ಒರಿಜಿನಲ್ ಸಿಗಲಿಲ್ಲ. ಮಾರುತಿ ಕಾರಿನ ಮ್ಯಾಪ್ ಸೆನ್ಸರ್ ಕಡಿಮೆ ರೇಟಿಗೆ ಸಿಗುತ್ತದೆ. ಅದನ್ನೇ ಹಾಕಿಸಲಾ?"

ಹಾಕಿಸಬಹುದು. ಆದರೆ ಸೆನ್ಸರ್ ಒಂದನ್ನೇ ಬದಲಿಸಿದರೆ ಗಾಡಿ ನೆಟ್ಟಗೆ ಓಡುವುದಿಲ್ಲ, ಇಸಿಯು (ಎಂಜಿನ್ನಿಗೆ ಎಷ್ಟು ಪೆಟ್ರೋಲ್ ಅಂತ ತೀರ್ಮಾನಿಸುವ ಕಂಪ್ಯೂಟರ್) ಲೆಕ್ಕ ಹಾಕುವ ರೀತಿಯೇ ಬದಲಾಗಬೇಕು. ಖರ್ಚು ಇರುವುದೆಲ್ಲ ಅಲ್ಲೇ.

ಏರ್‌ಫ್ಲೋ ಸೆನ್ಸರ್ ಇರುವುದು ಏರ್ ಫಿಲ್ಟರ್ ಮತ್ತು ಥ್ರಾಟಲ್ (ಆಕ್ಸಿಲರೇಟರ್ ಒತ್ತಿದಾಗ ತೆರೆಯುವ ಗಾಳಿಯ ಬಾಗಿಲು) ನಡುವೆ. ಹೆಚ್ಚಿನವುಗಳ ಒಳಗೆ ಕಾಯಿಸಿದ ಸಣ್ಣ ತಂತಿ ಇರುತ್ತದೆ. ಗಾಳಿ ಜಾಸ್ತಿ ಹೋದಷ್ಟೂ ತಂತಿ ತಣಿಯುತ್ತದೆ, ಅದನ್ನು ಬಿಸಿಯಾಗಿಡಲು ಎಷ್ಟು ಕರೆಂಟ್ ಬೇಕಾಯಿತು ಅನ್ನುವುದರಿಂದ ಸೆಕೆಂಡಿಗೆ ಎಷ್ಟು ಗ್ರಾಂ ಗಾಳಿ ಒಳಗೆ ಹೋಯಿತು ಅಂತ ಇಸಿಯುಗೆ ನೇರವಾಗಿ ಗೊತ್ತಾಗುತ್ತದೆ. ಮ್ಯಾಪ್ ಸೆನ್ಸರ್ ಗಾಳಿಯನ್ನು ಅಳೆಯುವುದೇ ಇಲ್ಲ. ಥ್ರಾಟಲ್ ದಾಟಿದ ಮೇಲೆ ಮ್ಯಾನಿಫೋಲ್ಡಿನಲ್ಲಿ, ಅಂದರೆ ಸಿಲಿಂಡರುಗಳಿಗೆ ಗಾಳಿ ಹಂಚುವ ಕೊಳವೆಯಲ್ಲಿ, ಒತ್ತಡ ಎಷ್ಟಿದೆ ಅಂತ ಹೇಳುತ್ತದೆ, ಅಷ್ಟೆ. ಇದು ಹೊಸ ಪದ್ಧತಿಯೇನಲ್ಲ, 1967ರಲ್ಲಿ ಬಂದ ಬಾಷ್ ಕಂಪನಿಯ ಡಿ-ಜೆಟ್ರಾನಿಕ್ ಫ್ಯೂಯೆಲ್ ಇಂಜೆಕ್ಷನ್ ವ್ಯವಸ್ಥೆ ಒತ್ತಡ ನೋಡಿಯೇ ಪೆಟ್ರೋಲ್ ಹಾಕುತ್ತಿತ್ತು.

ನಿಮ್ಮದೇ ಎಂಜಿನ್ ಇಟ್ಟುಕೊಂಡು ಲೆಕ್ಕ ಮಾಡೋಣ. 1.6 ಲೀಟರಿನ ಫೋರ್ ಸ್ಟ್ರೋಕ್ ಎಂಜಿನ್ ಎರಡು ಸುತ್ತಿಗೆ ಒಮ್ಮೆ ಪೂರ್ತಿ ಉಸಿರೆಳೆಯುತ್ತದೆ. 2000 ಆರ್‌ಪಿಎಂನಲ್ಲಿ ನಿಮಿಷಕ್ಕೆ 1600 ಲೀಟರ್ ಜಾಗ ತುಂಬಬೇಕು. ಮ್ಯಾನಿಫೋಲ್ಡಿನಲ್ಲಿ 50 ಕಿಲೋಪ್ಯಾಸ್ಕಲ್ ಒತ್ತಡ, ಗಾಳಿ 30 ಡಿಗ್ರಿ, ಸಿಲಿಂಡರ್ ತುಂಬುವುದು ನೂರಕ್ಕೆ 80 ಅಂತ ಹಿಡಿದರೆ ಸೆಕೆಂಡಿಗೆ ಸುಮಾರು 12 ಗ್ರಾಂ ಗಾಳಿ ಬಂತು. 14.7 ಗ್ರಾಂ ಗಾಳಿಗೆ 1 ಗ್ರಾಂ ಪೆಟ್ರೋಲ್ ಅನ್ನುವ ಲೆಕ್ಕದಲ್ಲಿ ಸೆಕೆಂಡಿಗೆ 0.8 ಗ್ರಾಂಗಿಂತ ತುಸು ಜಾಸ್ತಿ ಪೆಟ್ರೋಲ್ ಬೇಕು. ಅದೇ ಗಾಳಿ ಏಪ್ರಿಲ್ ಬಿಸಿಲಿಗೆ ಬಾನೆಟ್ ಒಳಗೆ 45 ಡಿಗ್ರಿ ಆಯಿತು ಅನ್ನಿ, ಅದರ ತೂಕ ನೂರಕ್ಕೆ ಐದರಷ್ಟು ಇಳಿಯುತ್ತದೆ. ಅದಕ್ಕೇ ಮ್ಯಾಪ್ ಜೊತೆ ಗಾಳಿಯ ಬಿಸಿ ನೋಡುವ ಸೆನ್ಸರೂ ಬೇಕೇ ಬೇಕು. ನಾಲ್ಕು ವೈರಿನ ಮ್ಯಾಪ್‌ನಲ್ಲಿ ಸಾಮಾನ್ಯವಾಗಿ ಎರಡೂ ಒಟ್ಟಿಗೇ ಇರುತ್ತವೆ.

ಈಗ ಆ 80 ಎಲ್ಲಿಂದ ಬಂತು ಕೇಳಿ. ಅದು ಪ್ರತಿ ಆರ್‌ಪಿಎಂಗೂ ಪ್ರತಿ ಒತ್ತಡಕ್ಕೂ ಬೇರೆ. ಇಸಿಯು ಒಳಗೆ ಅದರದ್ದೊಂದು ದೊಡ್ಡ ಕೋಷ್ಟಕ ಇರಬೇಕು, ಮತ್ತು ಅದು ನಿಮ್ಮ ಎಂಜಿನ್ನಿನದೇ ಆಗಿರಬೇಕು. ಏರ್‌ಫ್ಲೋ ಸೆನ್ಸರ್ ನಂಬಿ ಮಾಡಿದ ಇಸಿಯುಗೆ ಮ್ಯಾಪ್‌ನ ವೋಲ್ಟೇಜ್ ಕೊಟ್ಟರೆ ಅದು ಒತ್ತಡವನ್ನೇ ಗಾಳಿಯ ತೂಕ ಅಂದುಕೊಂಡು ಪೆಟ್ರೋಲ್ ಸುರಿಯುತ್ತದೆ, ಇಲ್ಲಾ ಕಡಿಮೆ ಕೊಡುತ್ತದೆ. ಹಾಗಾಗಿ ಬೇರೆ ಪ್ರೋಗ್ರಾಮೆಬಲ್ ಇಸಿಯು ಹಾಕಬೇಕು, ಅಥವಾ ಒತ್ತಡ, ಆರ್‌ಪಿಎಂ, ಬಿಸಿ ಮೂರನ್ನೂ ಓದಿ ಏರ್‌ಫ್ಲೋ ಸೆನ್ಸರಿನಂತೆಯೇ ಸಿಗ್ನಲ್ ಕೊಡುವ ಪೆಟ್ಟಿಗೆ ಹಾಕಬೇಕು. ಎರಡಕ್ಕೂ ವೈಡ್‌ಬ್ಯಾಂಡ್ ಆಕ್ಸಿಜನ್ ಸೆನ್ಸರ್ (ಹೊಗೆ ನೋಡಿ ಗಾಳಿ-ಪೆಟ್ರೋಲ್ ಪ್ರಮಾಣ ಹೇಳುವಂಥದ್ದು) ಇಟ್ಟು ಟ್ಯೂನ್ ಮಾಡಬಲ್ಲ ಕೈ ಬೇಕು. ಮುಂದೆ ಕ್ಯಾಮ್ (ವಾಲ್ವ್ ತೆರೆಯುವ ಭಾಗ) ಬದಲಿಸಿದರೆ ಮತ್ತೆ ಟ್ಯೂನಿಂಗ್. ಟರ್ಬೋ ಹಾಕುವವರಿಗೆ, ಸೆನ್ಸರ್ ಎಲ್ಲೂ ಸಿಗದ ಹಳೇ ಗಾಡಿಯವರಿಗೆ ಇದು ಒಳ್ಳೆಯ ದಾರಿ. ದಿನಾ ಕೆಲಸಕ್ಕೆ ಓಡಿಸುವ ಕಾರಿಗೆ ನಾನು ಹೇಳುವುದಿಲ್ಲ.

ಮೊದಲು ಸೆನ್ಸರ್ ನಿಜವಾಗಿಯೂ ಹೋಗಿದೆಯಾ ನೋಡಿ. ನಮ್ಮ ಎರೆ ಹೊಲದ ಧೂಳು ಗೊತ್ತಲ್ವಾ, ಅಗ್ಗದ ಫಿಲ್ಟರ್ ಇದ್ದರೆ ಅದು ಒಳಗೆ ನುಗ್ಗಿ ತಂತಿಗೆ ಅಂಟುತ್ತದೆ. ಎಣ್ಣೆ ಹಚ್ಚಿದ ಫಿಲ್ಟರಿನ ಎಣ್ಣೆಯೂ ಅಷ್ಟೇ. ಏರ್‌ಫ್ಲೋ ಸೆನ್ಸರಿಗೆಂದೇ ಬರುವ ಕ್ಲೀನರ್ ಸ್ಪ್ರೇ ಹೊಡೆದು ಪೂರ್ತಿ ಒಣಗಲು ಬಿಡಿ. ಕಾರ್ಬುರೇಟರ್ ಕ್ಲೀನರ್ ಬೇಡ, ತಂತಿಯನ್ನು ಬೆರಳಿಂದಲೂ ಬಟ್ಟೆಯಿಂದಲೂ ಮುಟ್ಟಬೇಡಿ. ಸೆನ್ಸರಿಂದ ಥ್ರಾಟಲ್‌ವರೆಗಿನ ರಬ್ಬರ್ ಪೈಪ್ ಬಿರುಕು ಬಿಟ್ಟಿದ್ದರೂ ಇದೇ ಲಕ್ಷಣ: ಐಡಲ್ ಏರಿಳಿತ, ಎಳೆಯುವಾಗ ತಡವರಿಕೆ, ಕೆಲವೊಮ್ಮೆ ಸ್ಕ್ಯಾನರಿನಲ್ಲಿ ಪಿ0101 (ಏರ್‌ಫ್ಲೋ ಸೆನ್ಸರ್ ರೀಡಿಂಗ್ ಸರಿಯಿಲ್ಲ) ಅಥವಾ ಪಿ0171 (ಪೆಟ್ರೋಲ್ ಕಡಿಮೆ, ಗಾಳಿ ಜಾಸ್ತಿ) ಕೋಡ್. ಸೆನ್ಸರ್ ದಾಟಿದ ಮೇಲೆ ನುಸುಳಿದ ಗಾಳಿ ಅದರ ಲೆಕ್ಕಕ್ಕೆ ಸಿಗುವುದಿಲ್ಲ.

ಇಷ್ಟಾದ ಮೇಲೂ ಮ್ಯಾಪ್ ಹಾಕಿಸಿದರೆ, ಮ್ಯಾನಿಫೋಲ್ಡಿನಲ್ಲಿ ಎಲ್ಲ ಸಿಲಿಂಡರಿಗೂ ಸೇರಿದ ಜಾಗದಿಂದಲೇ ಹೋಸ್ ಎಳೆಯಿರಿ. ಹೋಸ್ ಗಿಡ್ಡಗಿರಲಿ, ಸೆನ್ಸರ್ ಹೋಸ್ ಸಿಕ್ಕಿಸಿದ ತೂತಿಗಿಂತ ಮೇಲಿರಲಿ, ಇಲ್ಲದಿದ್ದರೆ ಪೆಟ್ರೋಲ್ ಪಸೆ ಅದರೊಳಗೆ ಕೂರುತ್ತದೆ. ಎಂಜಿನ್ ಸ್ಟಾರ್ಟ್ ಮಾಡದೆ ಬರೀ ಕೀ ಆನ್ ಮಾಡಿ ರೀಡಿಂಗ್ ನೋಡಿ. ಆಗ ಅದು ಹೊರಗಿನ ಗಾಳಿಯ ಒತ್ತಡವನ್ನೇ ತೋರಿಸಬೇಕು, ಹುಬ್ಬಳ್ಳಿ ಎತ್ತರದಲ್ಲಿ 94 ಕಿಲೋಪ್ಯಾಸ್ಕಲ್ ಹತ್ತಿರ ಬರಬೇಕು. ಅರಬೈಲ್ ಘಾಟ್ ಇಳಿದು ಅಂಕೋಲಾ ಮುಟ್ಟಿದಾಗ ಅದೇ ಸೆನ್ಸರ್ 101ರ ಆಸುಪಾಸು ತೋರಿಸುತ್ತದೆ. ಹುಬ್ಬಳ್ಳಿಯಲ್ಲೇ 101 ತೋರಿಸಿದರೆ ಸೆನ್ಸರ್ ಸೆಟ್ಟಿಂಗ್ ತಪ್ಪಿದೆ, ಅದನ್ನು ಸರಿ ಮಾಡದೆ ಟ್ಯೂನಿಂಗಿಗೆ ಕೈ ಹಾಕಲು ಬಿಡಬೇಡಿ.