ನಾವು ನಕ್ಕು ಬಂದ ಸಿನಿಮಾಕ್ಕೆ ನಿಮ್ಮದು ಎರಡೇ ಸ್ಟಾರ್ ಯಾಕೆ?

ಪ್ರಶ್ನೆ: ನೀವು ಎರಡೇ ಸ್ಟಾರ್ ಕೊಟ್ಟ ತುಳು ಸಿನಿಮಾಕ್ಕೆ ಮನೆಮಂದಿಯೆಲ್ಲ ಹೋಗಿ ಹೊಟ್ಟೆ ಹುಣ್ಣಾಗುವಷ್ಟು ನಕ್ಕು ಬಂದೆವು. ನೀವು ನಾಲ್ಕು ಸ್ಟಾರ್ ಕೊಟ್ಟ ಸಿನಿಮಾಕ್ಕೆ ಹೋಗಿ ಇಂಟರ್ವಲ್‌ನಲ್ಲೇ ಎದ್ದು ಬಂದೆವು. ಹಾಗಾದ್ರೆ ನೀವು ವಿಮರ್ಶೆ ಬರೆಯುವುದು ಯಾರಿಗೆ ಮಾರಾಯ್ರೆ?
(ಸುರತ್ಕಲ್‌ನ ಓದುಗರು)

ಉತ್ತರ: ಊರು ಬೇರೆ, ಸಿನಿಮಾ ಬೇರೆ, ಪ್ರಶ್ನೆ ಮಾತ್ರ ಇದೇ. ಉಡುಪಿಯಿಂದಲೂ ಬರುತ್ತದೆ, ಬಿ.ಸಿ. ರೋಡಿನಿಂದಲೂ ಬರುತ್ತದೆ. ಕೆಲವರು ಕೊನೆಗೆ "ಎಷ್ಟು ಸಿಕ್ಕಿತು?" ಅಂತಲೂ ಸೇರಿಸುತ್ತಾರೆ. ಹೊಗಳಿದರೆ ನಿರ್ಮಾಪಕರು ಕೊಟ್ಟಿದ್ದು, ತೆಗಳಿದರೆ ಎದುರು ಪಾರ್ಟಿ ಕೊಟ್ಟಿದ್ದು. ಎರಡೂ ಕಡೆಯಿಂದ ಬರುವುದು ನಿಜವಾಗಿದ್ದರೆ ನಾನು ಇಷ್ಟು ಹೊತ್ತಿಗೆ ಕದ್ರಿಯಲ್ಲಿ ಮನೆ ಕಟ್ಟಿಸಿರಬೇಕಿತ್ತು.

ನೇರವಾಗಿ ಹೇಳುತ್ತೇನೆ. ನಿಮಗೆ ಸಿನಿಮಾ ಇಷ್ಟವಾಗುತ್ತದೋ ಇಲ್ಲವೋ ಎಂದು ಮುಂಚೆಯೇ ಹೇಳುವುದು ನನ್ನ ಕೈಯಲ್ಲಿಲ್ಲ. ಯಾವ ವಿಮರ್ಶಕರ ಕೈಯಲ್ಲೂ ಇಲ್ಲ. ತೆರೆಯ ಮೇಲೆ ಏನು ಕಂಡಿತು, ನನಗೆ ಹೇಗನಿಸಿತು, ಹಾಗೆ ಅನಿಸಿದ್ದಕ್ಕೆ ಕಾರಣ ಏನು, ಇಷ್ಟನ್ನು ಮಾತ್ರ ಹೇಳಬಹುದು. ಈ ಮೂರರಲ್ಲಿ ನಿಮಗೆ ಉಪಯೋಗಕ್ಕೆ ಬರುವುದು ಮೂರನೆಯದು. ಆದರೆ ಎಲ್ಲರ ಕಣ್ಣು ಹೋಗುವುದು ಸ್ಟಾರ್ ಮೇಲೆ. ಜಗಳ ಅಲ್ಲಿಂದಲೇ ಶುರು.

ಮೊದಲು ನಿಮ್ಮ ತುಳು ಸಿನಿಮಾದ ವಿಷಯಕ್ಕೆ ಬರೋಣ. ನಮ್ಮ ಕಡೆಯ ಜಗಳಗಳಲ್ಲಿ ಮುಕ್ಕಾಲು ಪಾಲು ಇದರದ್ದೇ.

ತುಳು ಸಿನಿಮಾಕ್ಕೆ ತುಳು ನಾಟಕ ಅಮ್ಮ ಇದ್ದ ಹಾಗೆ. 1971ರ 'ಎನ್ನ ತಂಗಡಿ'ಯಿಂದ ಲೆಕ್ಕ ಹಿಡಿದರೆ ತುಳು ಚಿತ್ರಗಳಿಗೆ ಅರ್ಧ ಶತಮಾನ ದಾಟಿದೆ. ಆದರೆ ಈಗಿನ ಕಾಮಿಡಿ ಅಲೆಗೆ ದಾರಿ ಮಾಡಿಕೊಟ್ಟಿದ್ದು 2011ರ 'ಒರಿಯರ್ದೊರಿ ಅಸಲ್'. ಅದು ವಿಜಯಕುಮಾರ್ ಕೊಡಿಯಾಲ್‌ಬೈಲ್ ಅವರ ನಾಟಕದಿಂದ ಬಂದ ಸಿನಿಮಾ. ದೇವದಾಸ್ ಕಾಪಿಕಾಡ್, ನವೀನ್ ಡಿ. ಪಡೀಲ್, ಭೋಜರಾಜ್ ವಾಮಂಜೂರು, ಅರವಿಂದ ಬೋಳಾರ್ ಇವರೆಲ್ಲ ನಾಟಕದ ಸ್ಟೇಜಿನಲ್ಲಿ ಪಳಗಿದವರು. ಸ್ಟೇಜಿನಲ್ಲಿ ಪಳಗಿದ ನಟ ಒಂದು ಮಾತು ಹೇಳಿದ ಮೇಲೆ ತುಸು ನಿಲ್ಲುತ್ತಾನೆ. ಸಭೆ ನಗಬೇಕಲ್ವಾ? ನಗು ಇಳಿದ ಮೇಲೆ ಮುಂದಿನ ಮಾತು. ಇಲ್ಲದಿದ್ದರೆ ಎರಡನೇ ಜೋಕು ಮೊದಲನೆಯ ನಗುವಿನಲ್ಲಿ ಮುಳುಗಿ ಹೋಗುತ್ತದೆ.

ಈ ಅಭ್ಯಾಸ ಸಿನಿಮಾಕ್ಕೂ ಬಂದಿದೆ. ಭಾನುವಾರ ಸಂಜೆ ಹೌಸ್‌ಫುಲ್ ಶೋನಲ್ಲಿ ಆ ಖಾಲಿ ಜಾಗವನ್ನು ನೀವೇ ತುಂಬುತ್ತೀರಿ. ಹಿಂದಿನ ಸಾಲಿನಲ್ಲಿ ಒಬ್ಬರು ಕೂಗುತ್ತಾರೆ, ಪಕ್ಕದಲ್ಲಿ ಚಿಕ್ಕಮ್ಮ ಕಣ್ಣು ಒರೆಸಿಕೊಂಡು ನಗುತ್ತಾರೆ, ಅವರು ನಗುವುದನ್ನು ನೋಡಿಯೇ ನಿಮಗೆ ನಗು ಬರುತ್ತದೆ. ನಾನು ಅದೇ ಸಿನಿಮಾ ನೋಡುವುದು ಶುಕ್ರವಾರ ಬೆಳಗ್ಗಿನ ಶೋದಲ್ಲಿ. ಅರ್ಧಕ್ಕಿಂತ ಜಾಸ್ತಿ ಸೀಟು ಖಾಲಿ. ಎ.ಸಿ. ಮಾತ್ರ ಜೋರು. ನಟ ಮಾತು ಹೇಳಿ ನಿಲ್ಲುತ್ತಾನೆ, ನಗಲು ಜನ ಇಲ್ಲ. ಆ ನಿಲುಗಡೆ ನನಗೆ ಸೀನು ಎಳೆದ ಹಾಗೆ ಕಾಣುತ್ತದೆ. ವಿಮರ್ಶೆಯಲ್ಲಿ 'ಎಡಿಟಿಂಗ್ ಸಡಿಲ' ಎಂಬ ಸಾಲು ಬರುತ್ತದೆ. ನೀವು ಓದಿ ತಲೆ ಕೆರೆದುಕೊಳ್ಳುತ್ತೀರಿ, ಇವರು ಯಾವ ಸಿನಿಮಾ ನೋಡಿದ್ದು ಅಂತ.

ಹಾಗಂತ ನನ್ನ ಸಾಲು ಸುಳ್ಳಾಗುವುದಿಲ್ಲ. ಇದೇ ಸಿನಿಮಾ ಆರು ತಿಂಗಳ ನಂತರ ಮೊಬೈಲಿನಲ್ಲಿ ಒಬ್ಬರೇ ಕೂತು ನೋಡಿದರೆ ನಿಮಗೂ ಆ ಸಡಿಲ ಕಾಣುತ್ತದೆ. ನೀವು ನೋಡಿದ್ದು ಒಂದು ಸಂಜೆಯನ್ನು, ಸಿನಿಮಾ ಅದರ ಒಂದು ಭಾಗ. ನಾನು ನೋಡಿದ್ದು ಬರೀ ಸಿನಿಮಾ. ಕಾಮಿಡಿಗಾದರೂ ವಿಮರ್ಶಕರು ತುಂಬಿದ ಶೋಗೆ ಹೋಗಿ ಬರೆಯಬೇಕು ಎಂಬ ವಾದ ಇದೆ. ಅದರಲ್ಲಿ ಹುರುಳಿದೆ. ಈಗ ರಿಲೀಸಿಗೆ ಮುಂಚೆ ಮಂಗಳೂರು, ಉಡುಪಿಯಲ್ಲಿ ಪೇಯ್ಡ್ ಪ್ರೀಮಿಯರ್ ಶೋ ಇಡುತ್ತಾರಲ್ಲ, ಅಲ್ಲಿ ಜನ ತುಂಬಿರುತ್ತಾರೆ. ಆದರೆ ಅಲ್ಲಿ ತಂಡದವರು, ಅವರ ನೆಂಟರು, ಅಭಿಮಾನಿಗಳೂ ಸೇರಿರುತ್ತಾರೆ. ಟೈಟಲ್ ಕಾರ್ಡಿಗೇ ಶಿಳ್ಳೆ ಬೀಳುತ್ತದೆ. ಅದನ್ನು ನಂಬಿ ಬರೆದರೆ ಎಲ್ಲದಕ್ಕೂ ಐದು ಸ್ಟಾರ್.

ಇನ್ನೊಂದು ಸಂಗತಿ ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ. ತುಳು ಸಿನಿಮಾದ ಮಾರ್ಕೆಟ್ ಸಣ್ಣದು. ದಕ್ಷಿಣ ಕನ್ನಡ, ಉಡುಪಿ ಎಂಬ ಎರಡು ಜಿಲ್ಲೆ, ಕಾಸರಗೋಡು, ಮುಂಬೈ, ಬೆಂಗಳೂರು, ಗಲ್ಫಿನಲ್ಲಿ ಒಂದಷ್ಟು ಶೋ. ನಿರ್ಮಾಪಕ ಯಾರದ್ದೋ ಭಾವ, ಹೀರೋ ಯಾರದ್ದೋ ಕ್ಲಾಸ್‌ಮೇಟು. ಮದುವೆಯಲ್ಲಿ ಊಟದ ಪಂಕ್ತಿಯಲ್ಲಿ ಡೈರೆಕ್ಟರ್ ಎದುರಿಗೇ ಕೂತಿರುತ್ತಾರೆ. "ನಮ್ಮವರ ಸಿನಿಮಾ, ಸ್ವಲ್ಪ ಸಪೋರ್ಟ್ ಮಾಡಿ" ಎನ್ನುವ ಮಾತಿಗೆ ಇಲ್ಲ ಎನ್ನುವುದು ಕಷ್ಟ. ಭಾಷೆ ಉಳಿಯಲಿ ಎಂಬ ಆಸೆ ನನಗೂ ಇದೆ. ಆದರೆ ಆ ಆಸೆಯಿಂದ ಒಂದು ಸ್ಟಾರ್ ಜಾಸ್ತಿ ಹಾಕಿದರೆ ಯಾರಿಗೆ ಲಾಭ? ಆ ಹೊಗಳಿಕೆ ನಂಬಿ ಹೋಗಿ ಮೋಸ ಹೋದ ಕುಟುಂಬ ಮುಂದಿನ ತುಳು ಸಿನಿಮಾ ಬಂದಾಗ ಮನೆಯಲ್ಲೇ ಕೂರುತ್ತದೆ. ನನ್ನ ಮಟ್ಟಿಗೆ ಸಪೋರ್ಟ್ ಮಾಡುವುದು ಎಂದರೆ ಟಿಕೆಟ್ ತೆಗೆದು ನೋಡುವುದು. ಬರೆಯುವಾಗ ಇನಾಮು ಹಂಚುವುದಿಲ್ಲ.

ತುಳುವಿನಲ್ಲಿ ನಕ್ಕು ಬರುವ ಸಿನಿಮಾ ಮಾತ್ರ ಇದೆ ಎಂದೂ ಇಲ್ಲ. 2006ರ 'ಸುದ್ದ' ದೆಹಲಿಯ ಓಸಿಯಾನ್ಸ್ ಸಿನೆಫ್ಯಾನ್ ಉತ್ಸವದಲ್ಲಿ ಅತ್ಯುತ್ತಮ ಭಾರತೀಯ ಚಿತ್ರ ಎನಿಸಿಕೊಂಡಿತು. ಅಭಯ ಸಿಂಹ ಅವರ 'ಪಡ್ಡಾಯಿ' ಶೇಕ್ಸ್‌ಪಿಯರ್‌ನ ಮ್ಯಾಕ್‌ಬೆತ್ ಕಥೆಯನ್ನು ಮಲ್ಪೆಯ ಮೀನುಗಾರರ ನಡುವೆ ತಂದಿತು, ಅತ್ಯುತ್ತಮ ತುಳು ಚಿತ್ರ ಎಂಬ ರಾಷ್ಟ್ರ ಪ್ರಶಸ್ತಿ ಪಡೆಯಿತು. ಇನ್ನೊಂದು ಕಡೆ 2014ರ 'ಚಾಲಿಪೋಲಿಲು' ಮಂಗಳೂರಿನಲ್ಲಿ ಒಂದು ವರ್ಷಕ್ಕೂ ಜಾಸ್ತಿ ಓಡಿತು. ಇವುಗಳನ್ನು ಒಂದೇ ಸ್ಟಾರ್ ಪಟ್ಟಿಯಲ್ಲಿ ಮೇಲೆ ಕೆಳಗೆ ಇಡುವುದು ಹೇಗೆ? ಒಂದು ಗಂಭೀರ ಚಿತ್ರಕ್ಕೆ ನಾನು ಕೊಟ್ಟ ಮೂರು, ಒಂದು ಕಾಮಿಡಿಗೆ ಕೊಟ್ಟ ಮೂರು, ಎರಡೂ ಒಂದೇ ಮೂರು ಅಲ್ಲ. ಕಾಮಿಡಿಯನ್ನು ಕಾಮಿಡಿಗಳ ಜೊತೆ ಅಳೆಯುತ್ತೇನೆ. ನಗಿಸಲು ಹೊರಟ ಸಿನಿಮಾ ನಗಿಸಿತಾ, ದೇಹದ ಬಣ್ಣ, ದಪ್ಪ, ತೊದಲು ಮಾತು ಇವುಗಳ ಹಂಗಿಲ್ಲದೆ ನಗಿಸಿತಾ ಎಂದು ನೋಡುತ್ತೇನೆ. ಎರಡನೆಯದು ನಿಮಗೆ ದೊಡ್ಡ ವಿಷಯ ಅಲ್ಲದಿದ್ದರೆ ನಿಮ್ಮ ಲೆಕ್ಕ ನನ್ನದಕ್ಕಿಂತ ಒಂದು ಸ್ಟಾರ್ ಮೇಲಿರುತ್ತದೆ.

ಸ್ಟಾರ್ ಪದ್ಧತಿ ಹಳೆಯದು. 1928ರ ಜುಲೈಯಲ್ಲಿ ನ್ಯೂಯಾರ್ಕ್ ಡೈಲಿ ನ್ಯೂಸ್ ಪತ್ರಿಕೆಯಲ್ಲಿ ಐರೀನ್ ಥೈರರ್ ಎಂಬವರು ಸಿನಿಮಾಗಳಿಗೆ ಸ್ಟಾರ್ ಕೊಡಲು ಶುರು ಮಾಡಿದರು. ಆಗ ಪೂರ್ತಿ ಅಂಕ ಎಂದರೆ ಮೂರು ಸ್ಟಾರ್. ಈಗ ಐದಾಗಿದೆ, ಅದಕ್ಕೆ ಅರ್ಧ ಸ್ಟಾರ್ ಬೇರೆ. ಎರಡೂವರೆಗೂ ಮೂರಕ್ಕೂ ಏನು ವ್ಯತ್ಯಾಸ ಎಂದು ನನ್ನನ್ನು ಕೇಳಬೇಡಿ. ಕೆಲವು ವಾರ ಅದು ಮಧ್ಯಾಹ್ನದ ಊಟ ಆಗಿತ್ತಾ ಇಲ್ಲವಾ ಎಂಬಷ್ಟೇ ವ್ಯತ್ಯಾಸ.

ಅಂಕಿಗಳಲ್ಲಿ ಇನ್ನೂ ಮಂಡೆಬಿಸಿ ಮಾಡುವುದು ಶೇಕಡಾ ಲೆಕ್ಕ. ವಿಮರ್ಶೆಗಳನ್ನು ಒಟ್ಟು ಹಾಕುವ ರಾಟನ್ ಟೊಮೆಟೋಸ್ ವೆಬ್‌ಸೈಟಿನಲ್ಲಿ 90 ಶೇಕಡಾ ಎಂದು ಕಂಡರೆ ಸಿನಿಮಾಕ್ಕೆ ನೂರಕ್ಕೆ 90 ಮಾರ್ಕು ಬಂತು ಎಂದು ತುಂಬ ಜನ ತಿಳಿಯುತ್ತಾರೆ. ಅಲ್ಲ. ನೂರು ವಿಮರ್ಶಕರಲ್ಲಿ 90 ಜನ ಒಟ್ಟಾರೆ ಮೆಚ್ಚಿದ್ದಾರೆ ಎಂದಷ್ಟೇ ಅರ್ಥ. ಹತ್ತು ಜನರೂ "ಪರವಾಗಿಲ್ಲ, ನೋಡಬಹುದು" ಎಂದರೆ ಅದು 100 ಶೇಕಡಾ. ಏಳು ಜನ "ಅದ್ಭುತ" ಎಂದು ಕುಣಿದು, ಮೂವರು ಬೈದರೆ 70 ಶೇಕಡಾ. ನಾನಾದರೆ ಎರಡನೇ ಸಿನಿಮಾಕ್ಕೆ ಮೊದಲು ಹೋಗುತ್ತೇನೆ. ಟಿಕೆಟ್ ಮಾರುವ ಬುಕ್‌ಮೈಶೋದಲ್ಲಿ ಹತ್ತಕ್ಕೆ ಇಷ್ಟು ಎಂದು ಕೊಡುವ ಲೆಕ್ಕ ಬೇರೆಯದೇ. ಅಲ್ಲಿ ಅಂಕ ಕೊಡುವವರು ಪ್ರೇಕ್ಷಕರು. ಮೊದಲ ದಿನ ದುಡ್ಡು ಕೊಟ್ಟು ಹೋಗುವವರಲ್ಲಿ ಅಭಿಮಾನಿಗಳೇ ಜಾಸ್ತಿ, ಇಷ್ಟಪಡಲು ನಿರ್ಧಾರ ಮಾಡಿಯೇ ಹೋದವರು. ಹಾಗಾಗಿ ಅಲ್ಲಿ 9.4, ಪತ್ರಿಕೆಯಲ್ಲಿ ಎರಡೂವರೆ ಕಂಡರೆ ಯಾರೋ ಸುಳ್ಳು ಹೇಳುತ್ತಿದ್ದಾರೆ ಎಂದಾಗುವುದಿಲ್ಲ.

"ಜನ ನೋಡಿ ಗೆಲ್ಲಿಸಿದ್ದಾರೆ, ಇನ್ನಾದರೂ ಒಪ್ಪಿಕೊಳ್ಳಿ" ಎನ್ನುತ್ತಾರೆ ಕೆಲವರು. ಸಿನಿಮಾ ಓಡಿತು ಎಂಬುದನ್ನು ಒಪ್ಪುತ್ತೇನೆ. ಅದು ಚೆನ್ನಾಗಿದೆಯಾ ಎಂಬ ಪ್ರಶ್ನೆ ಹಾಗೆಯೇ ಉಳಿಯುತ್ತದೆ. ಇದಕ್ಕೆ ಮಲ್ಪೆಯ ಕಡೆಯದೇ ಸಾಕ್ಷಿ ಇದೆ. ರಕ್ಷಿತ್ ಶೆಟ್ಟಿ ಅವರ 'ಉಳಿದವರು ಕಂಡಂತೆ' 2014ರ ಮಾರ್ಚ್‌ನಲ್ಲಿ ಬಂದಾಗ ಥಿಯೇಟರಿನಲ್ಲಿ ಹೇಳಿಕೊಳ್ಳುವಷ್ಟು ಓಡಲಿಲ್ಲ. ಅಷ್ಟು ಜನ ಪ್ರೇಕ್ಷಕರು ಆಗ ಅದನ್ನು ಸೋಲಿಸಿದ್ದರು ಅಂತಲೇ ಹೇಳಬೇಕು. ಆಮೇಲೆ ಮನೆಯಲ್ಲಿ, ಹಾಸ್ಟೆಲಿನಲ್ಲಿ ನೋಡಿ ನೋಡಿ ಒಂದು ತಲೆಮಾರು ಅದರ ಡೈಲಾಗ್ ಬಾಯಿಪಾಠ ಮಾಡಿತು. ತಮಿಳಿಗೂ ರೀಮೇಕ್ ಆಯಿತು. ಸಿನಿಮಾ ಒಂದು ಫ್ರೇಮೂ ಬದಲಾಗಿರಲಿಲ್ಲ. ಜನ ಸೋಲಿಸಿದ್ದು ಕೊನೆಯ ಮಾತಲ್ಲ ಎಂದಾದರೆ ಗೆಲ್ಲಿಸಿದ್ದೂ ಕೊನೆಯ ಮಾತಲ್ಲ. ವಿಮರ್ಶಕರ ಮಾತೂ ಅಷ್ಟೇ.

ಊರ ಭಾಷೆಯ ವಿಷಯದಲ್ಲಿ ಜಗಳ ಇನ್ನೊಂದು ದಿಕ್ಕಿಗೆ ತಿರುಗುತ್ತದೆ. ಕರಾವಳಿಯ ಕಥೆ ಬಂದಾಗ ಹೊರಗಿನ ವಿಮರ್ಶಕರಿಗೆ ಮಳೆ, ಹಂಚಿನ ಮನೆ, ಕಂಬಳ, ಕೋಲ ಎಲ್ಲ ಹೊಸತು. ಅವರು ಬೆರಗಿನಿಂದ ಬರೆಯುತ್ತಾರೆ. ನಮಗೆ ಅದು ಹಿತ್ತಲಿನ ದೃಶ್ಯ. ನಮ್ಮ ಕಣ್ಣು ಬೀಳುವುದು ತಪ್ಪಿನ ಮೇಲೆ. ಕುಂದಾಪುರದವನ ಬಾಯಲ್ಲಿ ಮಂಗಳೂರಿನ ಮಾತು ಬಂದರೆ ಹಲ್ಲಿಗೆ ಕಲ್ಲು ಸಿಕ್ಕ ಹಾಗೆ. ಅದೇ ಹೊತ್ತಿಗೆ, ನಾವು ಬಿದ್ದು ಬಿದ್ದು ನಗುವ ಒಂದು ಮಾತು ಅವರ ತಲೆಯ ಮೇಲಿಂದ ಹಾರಿ ಹೋಗುತ್ತದೆ. ದೈವದ ವಿಷಯ ಬಂದರಂತೂ ಬರೆಯುವವರ ಕೈ ನಡುಗುತ್ತದೆ. 'ಕಾಂತಾರ' ಬಂದ ಮೇಲೆ ಥಿಯೇಟರಿನಲ್ಲಿ, ಸ್ಟೇಜಿನಲ್ಲಿ ದೈವದ ವೇಷ ಹಾಕಿ ಕುಣಿಯಬೇಡಿ ಎಂದು ಇಲ್ಲಿಯ ದೈವಾರಾಧಕರು ಹೇಳಬೇಕಾಯಿತು. 2025ರಲ್ಲಿ ಚಿತ್ರ ತಂಡವೇ ಹಾಗೆ ಮನವಿ ಮಾಡಿತು. ಇಂಥ ಸಿನಿಮಾದ ಚಿತ್ರಕಥೆಯಲ್ಲಿ ಒಂದು ದೋಷ ತೋರಿಸಿದರೆ ನಂಬಿಕೆಗೇ ಬೈದರು ಎಂದು ಸಿಟ್ಟಾಗುವವರಿದ್ದಾರೆ. ಸೆಕೆಂಡ್ ಹಾಫ್ ಉದ್ದವಾಯಿತು ಎಂದರೆ ಉದ್ದವಾಯಿತು ಎಂದಷ್ಟೇ ಮಾರಾಯ್ರೆ, ದೈವಕ್ಕೆ ಅದರಲ್ಲಿ ಸಂಬಂಧ ಇಲ್ಲ.

ವಿಮರ್ಶಕರ ಕಡೆಯ ದೋಷಗಳೂ ಇವೆ. ಅರ್ಧ ಜಾಗದಲ್ಲಿ ಕಥೆ ಹೇಳಿ ಮುಗಿಸುವುದು, ಉಳಿದರ್ಧದಲ್ಲಿ 'ಛಾಯಾಗ್ರಹಣ ಓಕೆ, ಸಂಗೀತ ಓಕೆ' ಎಂದು ಹಾಜರಿ ಕರೆಯುವುದು, ಭಾಷೆ ಗೊತ್ತಿಲ್ಲದೆ ಸಬ್‌ಟೈಟಲ್ ಓದಿ ಕಾಮಿಡಿ ಅಳೆಯುವುದು. ವಾರಕ್ಕೆ ಮೂರು ನಾಲ್ಕು ಸಿನಿಮಾ ನೋಡುವವರಿಗೆ ಬೇಗ ಬೇಜಾರು ಬರುತ್ತದೆ ಎಂಬುದೂ ಹೌದು. ಹಳ್ಳಿಯಿಂದ ಬಂದ ಮುಗ್ಧ ಹುಡುಗ, ಸಾಲ ಕೇಳುವ ಸೇಠು, ಕ್ಲೈಮಾಕ್ಸಿನಲ್ಲಿ ಆಸ್ಪತ್ರೆ. ನಿಮಗೆ ಅದು ಈ ವರ್ಷ ಮೊದಲ ಸಲ, ನನಗೆ ಈ ತಿಂಗಳಲ್ಲೇ ಮೂರನೇ ಸಲ. ನನ್ನ ಬೇಜಾರು ನಿಮ್ಮ ಬೇಜಾರಲ್ಲ. ಅದನ್ನು ಓದುವಾಗ ಕಳೆದು ಓದಿ.

ಈ ಜಗಳ ಕೋರ್ಟಿಗೂ ಹೋಗಿದೆ. ತಲಪಾಡಿ ದಾಟಿದರೆ ಸಿಗುವ ಕೇರಳದಲ್ಲಿ, ಬೇಕೆಂದೇ ಕೆಟ್ಟ ರಿವ್ಯೂ ಹಾಕಿ ಸಿನಿಮಾ ಮುಳುಗಿಸುತ್ತಾರೆ ಎಂಬ ದೂರು ಹೈಕೋರ್ಟ್ ಮುಟ್ಟಿತು. ಕೋರ್ಟಿಗೆ ನೆರವಾಗಲು ನೇಮಕವಾದ ವಕೀಲರು 2024ರಲ್ಲಿ ಕೊಟ್ಟ ವರದಿಯಲ್ಲಿ, ವ್ಲಾಗರ್‌ಗಳು ರಿಲೀಸ್ ಆದ 48 ಗಂಟೆಯ ಮಟ್ಟಿಗೆ ರಿವ್ಯೂ ಹಾಕದೆ ಇರಲಿ ಎಂದು ಸಲಹೆ ಮಾಡಿದ್ದರು. ಅದೇ ವರ್ಷ ಡಿಸೆಂಬರ್‌ನಲ್ಲಿ ತಮಿಳು ನಿರ್ಮಾಪಕರು ಮೊದಲ ಮೂರು ದಿನ ರಿವ್ಯೂ ತಡೆಯಿರಿ ಎಂದು ಕೇಳಿದಾಗ ಮದ್ರಾಸ್ ಹೈಕೋರ್ಟ್ ಹಾಗೆ ತಡೆಯಲು ಒಪ್ಪಲಿಲ್ಲ. ದುಡ್ಡು ಕೇಳಿ ಹೆದರಿಸುವವರು ಇದ್ದರೆ ಅವರ ಮೇಲೆ ಕೇಸು ಹಾಕಲಿ. ಆದರೆ ಮೊದಲ ದಿನ ಟಿಕೆಟ್ ಮಾರಬಹುದು, ಮೊದಲ ದಿನ ಅಭಿಪ್ರಾಯ ಹೇಳಬಾರದು ಎಂಬುದು ನನಗೆ ಸರಿ ಕಾಣುವುದಿಲ್ಲ.

ಮತ್ತೆ ನಿಮ್ಮ ಪ್ರಶ್ನೆ: ವಿಮರ್ಶೆ ಯಾರಿಗೆ? ನಮ್ಮ ಊರಿನವರಿಗೆ ಇದನ್ನು ಜಾಸ್ತಿ ಬಿಡಿಸಿ ಹೇಳಬೇಕಿಲ್ಲ. ವೇಷ, ಕುಣಿತ ಇಲ್ಲದೆ ಕೂತು ಮಾತಿನಲ್ಲೇ ನಡೆಸುವ ತಾಳಮದ್ದಲೆಯಲ್ಲಿ 'ವಾಲಿವಧೆ' ಆದರೆ ವಾಲಿ ಸಾಯುತ್ತಾನೆ ಎಂದು ಎಲ್ಲರಿಗೂ ಗೊತ್ತು. ಆದರೂ ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿ ಏನು ಹೇಳುತ್ತಾನೆ ಎಂದು ಕೇಳಲು ರಾಮನ ಭಕ್ತರೇ ನಿದ್ದೆಗೆಟ್ಟು ಕೂರುತ್ತಿದ್ದರು. ವಾಲಿಯ ಮಾತು ಒಪ್ಪುವುದು ಬಿಡುವುದು ಬೇರೆ, ಕೇಳುವ ಸುಖ ಬೇರೆ. ಸಿನಿಮಾ ನೋಡಿ ಬಂದ ಮೇಲೆ ಅದರ ಬಗ್ಗೆ ಇನ್ನೊಬ್ಬರ ಮಾತು ಕೇಳಬೇಕು ಅನಿಸುವವರಿಗೆ ನಾನು ಬರೆಯುತ್ತೇನೆ.

ಟಿಕೆಟ್ ತೆಗೆಯಲು ಮಾತ್ರ ಸಲಹೆ ಬೇಕಾದರೆ ಒಂದು ದಾರಿ ಇದೆ. ಒಬ್ಬಿಬ್ಬರು ವಿಮರ್ಶಕರನ್ನು ಹಿಡಿದುಕೊಂಡು ಕೆಲವು ತಿಂಗಳು ಓದಿ. ಅವರ ರುಚಿ ನಿಮಗೆ ಗೊತ್ತಾಗುತ್ತದೆ. ರುಚಿ ಹೊಂದದಿದ್ದರೂ ಅಡ್ಡಿಯಿಲ್ಲ. ನಾನು 'ನಾಟಕದ ಛಾಯೆ ಜಾಸ್ತಿ, ಮಾತು ವಿಪರೀತ' ಎಂದು ಬರೆದರೆ ನೀವು ಕಣ್ಣು ಮುಚ್ಚಿ ಹೋಗಬಹುದು, ನಿಮಗೆ ಅದು ಹಿಡಿಸುತ್ತದೆ. 'ಮೌನವೇ ಮಾತಾಡುತ್ತದೆ' ಎಂದು ನಾನು ಹೊಗಳಿದರೆ ಮನೆಯಲ್ಲೇ ಇರಿ. ಆ ಎರಡು ಸ್ಟಾರ್ ಸಿನಿಮಾದ ವಿಮರ್ಶೆಯನ್ನು ಇನ್ನೊಮ್ಮೆ ತೆಗೆದು ನೋಡಿ. ಹೀರೋನ ಮಾವನ ಪಾತ್ರ ಬಂದಾಗಲೆಲ್ಲ ನಗು ಬರುತ್ತದೆ ಎಂದು ಅದರಲ್ಲೇ ಬರೆದಿದ್ದೆ. ನೀವು ಹೊಟ್ಟೆ ಹುಣ್ಣಾಗುವಂತೆ ನಕ್ಕಿದ್ದೂ ಬಹುಶಃ ಅಲ್ಲೇ ಇರಬೇಕು, ಅಲ್ವಾ?

ಮುಂದಿನ ಸಲ ಬೈದು ಬರೆಯುವಾಗ ಯಾವ ಸೀನು ಎಂದು ಒಂದು ಸಾಲು ಸೇರಿಸಿ. "ನಿಮಗೆ ಸಿನಿಮಾ ಗೊತ್ತಿಲ್ಲ" ಎಂದರೆ ನಾನು ಉತ್ತರ ಹೇಳುವುದು ಕಷ್ಟ. "ಬಸ್ ಸ್ಟ್ಯಾಂಡ್ ಸೀನಿನಲ್ಲಿ ಅಪ್ಪ ಸುಮ್ನೆ ನಿಂತದ್ದನ್ನು ನೀವು ಗಮನಿಸಲಿಲ್ಲ" ಎಂದರೆ ಹೋಗಿ ಇನ್ನೊಮ್ಮೆ ನೋಡುತ್ತೇನೆ. ಈ ಸಲ ಭಾನುವಾರದ ಶೋಗೆ.