ಕಾಲು ಎತ್ತಿ ಕಟ್ಟುವ ಮುನ್ನ

ಆಪರೇಷನ್‌ಗೆಂದು ಕಾಲು ಜೋಮು ಹಿಡಿಸಲು ಬೆನ್ನಿಗೆ ಇಂಜೆಕ್ಷನ್ ಕೊಟ್ಟ ಮೇಲೆ ಕಾಲು ಎಲ್ಲಿ ಒತ್ತುತ್ತಿದೆ ಎಂಬುದು ರೋಗಿಗೇ ತಿಳಿಯುವುದಿಲ್ಲ. ಪ್ರಾಸ್ಟೇಟ್, ಮೂಲವ್ಯಾಧಿ, ಜಾರಿದ ಗರ್ಭಕೋಶದ ಆಪರೇಷನ್‌ಗಳಲ್ಲಿ ಎರಡೂ ಕಾಲು ಎತ್ತಿ ಸ್ಟಿರಪ್‌ಗೆ (ಟೇಬಲ್ಲಿನ ಬದಿಯ ಕಾಲಾಸರೆಗೆ) ಕಟ್ಟುವ ಲಿಥಾಟಮಿ ಭಂಗಿ ಸಾಮಾನ್ಯ. ಹಾಗಾಗಿ ಕೇಳುವುದನ್ನೆಲ್ಲ ಇಂಜೆಕ್ಷನ್‌ಗೆ ಮೊದಲೇ ಕೇಳಬೇಕು.

ಇಳಕಲ್, ಗುಳೇದಗುಡ್ಡದ ಕಡೆಯಿಂದ ಬರುವ ಹಿರಿಯ ನೇಕಾರರ ಮೊಣಕಾಲು, ಸೊಂಟದ ಕೀಲು ಬಿಗಿದಿದ್ದರೆ ಅದು ಎಷ್ಟೋ ಸಲ ಕೇಸ್‌ಪೇಪರಿನಲ್ಲಿ ಇರುವುದೇ ಇಲ್ಲ. "ಅಜ್ಜಾ, ಮೊಣಕಾಲ ಮಡಚ್ರಿ, ಎಲ್ಲಿ ಬ್ಯಾನಿ ಆಗ್ತದ ಹೇಳ್ರಿ" ಎಂದು ಕೇಳಿ, ಎಚ್ಚರವಿದ್ದಾಗ ಎಷ್ಟು ಮಡಚಿತೋ ಅಷ್ಟಕ್ಕೇ ನಿಲ್ಲಿಸಿ. ಜೋಮು ಹಿಡಿದ ಕಾಲು ಎಷ್ಟು ಎಳೆದರೂ ಬರುತ್ತದೆ, ಅಪಾಯ ಇರುವುದೇ ಅಲ್ಲಿ. ಕಾಲುಂಗುರ, ಕಡಗ ತೆಗೆಸಿ.

ಕಾಲು ಎತ್ತಲು ಇಬ್ಬರು ಬೇಕು. ಸೊಂಟ, ಮೊಣಕಾಲು ಒಟ್ಟಿಗೇ ಮಡಚುತ್ತ ಎರಡೂ ಕಾಲುಗಳನ್ನು ಒಂದೇ ವೇಗದಲ್ಲಿ ಮೇಲೆತ್ತಬೇಕು. ಒಂದಾದ ಮೇಲೊಂದು ಎತ್ತಿದರೆ ಬೆನ್ನುಮೂಳೆ ತಿರುಚುತ್ತದೆ. ತೊಡೆ 90 ಡಿಗ್ರಿಗಿಂತ ಹೆಚ್ಚು ಹೊಟ್ಟೆಯ ಕಡೆ ಬಾಗಬಾರದು. ಇನ್ನು ಮೊಣಕಾಲಿನ ಹೊರಬದಿ, ಸ್ವಲ್ಪ ಕೆಳಗೆ, ಗುಂಡಿಯಂತೆ ಕೈಗೆ ಸಿಗುವ ಎಲುಬನ್ನು ಮುಟ್ಟಿ ನೋಡಿ. ಅದರ ಕುತ್ತಿಗೆಯನ್ನು ಸುತ್ತಿ ಪೆರೋನಿಯಲ್ ನರ ಚರ್ಮದಡಿಯಲ್ಲೇ ಹೋಗುತ್ತದೆ. ಸ್ಟಿರಪ್ಪಿನ ಕಂಬ ಅಲ್ಲಿ ಒತ್ತಿದರೆ ರೋಗಿಗೆ ಮುಂದೆ ಪಾದ ಮೇಲೆತ್ತಲು ಬರುವುದಿಲ್ಲ, ನಡೆಯುವಾಗ ಬೆರಳು ನೆಲಕ್ಕೆ ಉಜ್ಜುತ್ತವೆ. ಗ್ಯಾಮ್ಜಿ ಪ್ಯಾಡ್ (ದಪ್ಪ ಹತ್ತಿಯ ಮೆತ್ತೆ) ಹಾಕಿದರಷ್ಟೇ ಸಾಲದು, ಪ್ಯಾಡ್ ಮತ್ತು ಎಲುಬಿನ ನಡುವೆ ಕೈ ಸಲೀಸಾಗಿ ಆಡಬೇಕು. ಶಸ್ತ್ರವೈದ್ಯರ ಸಹಾಯಕರು ತೊಡೆಯ ಮೇಲೆ ಒರಗಿ ನಿಂತರೆ ಸಂಕೋಚಪಡದೆ ಹೇಳಿ.

ಕೈಗಳನ್ನು ಮೈಗೆ ಅಂಟಿಸಿ ಇಟ್ಟರೆ ಕೆಳಗಿಳಿಸಿದ್ದ ಟೇಬಲ್ಲಿನ ಕಾಲಿನ ಕಡೆಯ ಭಾಗ ಮತ್ತೆ ಮೇಲೇರಿಸುವಾಗ ಬೆರಳು ಸಿಕ್ಕಿಬೀಳಬಹುದು. ತೋಳುಹಲಗೆಯ ಮೇಲೆ ಅಂಗೈ ಮೇಲಾಗಿ, ಮೈಯಿಂದ 90 ಡಿಗ್ರಿಯೊಳಗೆ ಇಡುವುದು ಲೇಸು.

ಇಳಿಸುವಾಗಲೂ ಎರಡೂ ಕಾಲು ಒಟ್ಟಿಗೇ, ಆದರೆ ಬಹಳ ನಿಧಾನವಾಗಿ. ಅರಿವಳಿಕೆ ವೈದ್ಯರಿಗೆ ಮೊದಲು ಹೇಳಿಯೇ ಇಳಿಸಬೇಕು: ರಕ್ತ ಒಮ್ಮೆಲೇ ಕಾಲಿಗೆ ಇಳಿದು ಬಿಪಿ ಕುಸಿಯುತ್ತದೆ. ಇಳಿಸಿದ ಕೂಡಲೇ ಬಿಪಿ ನೋಡಿ. ಕಾಲು ಎತ್ತಿದ, ಇಳಿಸಿದ ಸಮಯ ಬರೆದಿಡಿ. ಎರಡು ತಾಸು ದಾಟಿದರೆ ನರಕ್ಕೆ ಪೆಟ್ಟಾಗುವ ಸಂಭವ ಏರುತ್ತದೆ.

ವಾರ್ಡಿನಲ್ಲಿ ಜೋಮು ಇಳಿದ ಮೇಲೆ ಎರಡೂ ಪಾದ ಮೇಲೆತ್ತಿಸಿ ನೋಡಿ. ಮೀನಖಂಡ ಬಿಗಿದು, ಬೆರಳು ಹಿಂದಕ್ಕೆ ಬಗ್ಗಿಸಿದಾಗ ತಡೆಯಲಾರದ ನೋವಿದ್ದರೆ ನೋವಿನ ಇಂಜೆಕ್ಷನ್ ಕೊಟ್ಟು ಬೆಳಗಿನ ರೌಂಡ್ಸ್‌ಗೆ ಕಾಯಬೇಡಿ. ಪಾದದ ನಾಡಿ ಸಿಗುತ್ತಿದ್ದರೂ ಆ ಕ್ಷಣವೇ ಶಸ್ತ್ರವೈದ್ಯರನ್ನು ಕರೆಯಿರಿ.